ಒರೆಯ ಸುಖ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಂಗಿಯ ಮರೆಯಲ್ಲಿ ಪಿಸ್ತೂಲನ್ನು ಧರಿಸಿ ಸಂಚರಿಸುವ ಪದ್ಧತಿಯು ಒಂದು ಕಾಲಕ್ಕೆ ಪೊಲೀಸರಿಗೂ ಪತ್ತೇದಾರರಿಗೂ ಮೀಸಲಾದುದೆಂದು ಜನ ಭಾವಿಸಿದ್ದರು; ಈಗ ಅದು ಅಲ್ಲಿನ ಎಷ್ಟೋ ಮಂದಿ ಸಾಮಾನ್ಯ ಗೃಹಸ್ಥರ ದಿನಚರ್ಯೆಯ ಒಂದು ಅಂಗವೇ ಆಗಿಹೋಗಿದೆ. ವರ್ಮಾಂಟ್ ಸಂಸ್ಥಾನವು ಇದಕ್ಕೆ ಎಂದೂ ಅನುಮತಿಪತ್ರವನ್ನು ಕೇಳಿದುದಿಲ್ಲ. 1987ರಲ್ಲಿ ಫ್ಲಾರಿಡಾ ಸಂಸ್ಥಾನವು ಅರ್ಹರಾದವರಿಗೆಲ್ಲ ಅನುಮತಿಯನ್ನು ಕೊಡಲೇಬೇಕೆಂದು ಶಾಸನ ಮಾಡಿದ ಮೇಲೆ ಉಳಿದವು ಒಂದೊಂದಾಗಿ ಅದೇ ದಾರಿಯನ್ನು ಹಿಡಿದುವು. 2022ರ ಜೂನ್ ತಿಂಗಳಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಬ್ರೂಯನ್ ಪ್ರಕರಣದ ತೀರ್ಪಿನಲ್ಲಿ, ವಿಶೇಷ ಕಾರಣವನ್ನು ತೋರಿಸಿದವರಿಗೆ ಮಾತ್ರ ಅನುಮತಿಯೆಂಬ ನ್ಯೂಯಾರ್ಕಿನ ಹಳೆಯ ನಿರ್ಬಂಧವನ್ನು ರದ್ದುಗೊಳಿಸಿತು. ಇಂದು ಅರ್ಧಕ್ಕಿಂತ ಹೆಚ್ಚು ಸಂಸ್ಥಾನಗಳಲ್ಲಿ ಅನುಮತಿಪತ್ರವೇ ಬೇಕಿಲ್ಲ. ಇದು ಲೋಕಕ್ಕೆ ಹಿತವೆ ಅಹಿತವೆ ಎಂಬ ಜಿಜ್ಞಾಸೆಯಲ್ಲಿ ನನ್ನ ಒಲವು ಯಾವ ಕಡೆಗೆಂದು ಕೇಳಿದರೆ, ಪಿಸ್ತೂಲುಗಳು ಕಡಮೆಯಾಗಿರುವ ಊರಿನಲ್ಲಿ ಬಾಳುವುದೇ ಲೇಸೆನ್ನುವವನು ನಾನು. ಆದರೆ ಆ ವಾದವನ್ನು ಬಲ್ಲವರು ಬಹಳ ಮಂದಿ ಮಾಡಿದ್ದಾರೆ. ಧರಿಸುವುದೆಂದು ನಿಶ್ಚಯಿಸಿದವನು ಅದನ್ನು ಯಾವ ಒರೆಯಲ್ಲಿ, ಅಂದರೆ ಯಾವ ಹೋಲ್‌ಸ್ಟರಿನಲ್ಲಿ, ಧರಿಸತಕ್ಕದ್ದೆಂಬುದು ಅದಕ್ಕಿಂತ ಸಣ್ಣ ಪ್ರಶ್ನೆಯಾಗಿ ಕಂಡರೂ, ಸಾವುನೋವುಗಳ ಲೆಕ್ಕದಲ್ಲಿ ಅದು ಅಷ್ಟೇನೂ ಸಣ್ಣದಲ್ಲ.

ಅಲ್ಲಿನ ಬಂದೂಕು ಶಿಕ್ಷಕರಲ್ಲಿ ಬಹುಕಾಲದಿಂದ ಒಂದು ಮಾತು ರೂಢಿಯಲ್ಲಿದೆ: ಆಯುಧವಿರುವುದು ಮನಸ್ಸಿಗೆ ಧೈರ್ಯ ಕೊಡುವುದಕ್ಕೇ ಹೊರತು ದೇಹಕ್ಕೆ ಸುಖ ಕೊಡುವುದಕ್ಕಲ್ಲ ಎಂಬ ಅರ್ಥದ ಮಾತು. ಕೇಳುವುದಕ್ಕೆ ಗಂಭೀರವಾಗಿದೆ, ತಪಸ್ವಿಗಳ ಉಪದೇಶದಂತೆಯೂ ಇದೆ. ಆದರೆ ಇದರಿಂದ ಆಗಿರುವ ಹಾನಿ ಕಡಮೆಯಲ್ಲವೆಂದು ನನ್ನ ಅಭಿಪ್ರಾಯ. ಏತಕ್ಕೆಂದರೆ, ಸೊಂಟವನ್ನು ಒತ್ತುವ, ಪಕ್ಕೆಯನ್ನು ಕೊರೆಯುವ ವಸ್ತುವನ್ನು ಮನುಷ್ಯನು ಬೆಳಗಿನಿಂದ ಸಂಜೆಯವರೆಗೆ ಸಹಿಸುವುದಿಲ್ಲ. ಮೊದಲನೆಯ ವಾರ ಉತ್ಸಾಹದಿಂದ ಸಹಿಸಿಯಾನು. ಎರಡನೆಯ ವಾರ ಕಾರಿನಲ್ಲಿ ಕೂತೊಡನೆ ಬಿಚ್ಚಿ ಪಕ್ಕದ ಪೆಟ್ಟಿಗೆಯೊಳಗೆ ಇಟ್ಟಾನು. ಮೂರನೆಯ ವಾರ ಅದು ಅಲ್ಲೇ ಉಳಿದೀತು. ಅಮೆರಿಕದ ನಗರಗಳಲ್ಲಿ ಕಳುವಾಗುವ ಬಂದೂಕುಗಳ ದೊಡ್ಡದೊಂದು ಪಾಲು ನಿಲ್ಲಿಸಿದ ಕಾರುಗಳಿಂದಲೇ ಹೋಗುತ್ತದೆಂಬುದು ಅಲ್ಲಿನ ಪೊಲೀಸರು ಬಲ್ಲ ಸಂಗತಿ. ಸಜ್ಜನನೊಬ್ಬನ ಸೊಂಟದ ನೋವು ಹೀಗೆ ಕಳ್ಳನೊಬ್ಬನ ಕೈಗೆ ಪಿಸ್ತೂಲಾಗಿ ಬರುತ್ತದೆ.

ಮೈಮೇಲಿನ ಆಯುಧವನ್ನು ಮೈಯಿಂದ ಬೇರ್ಪಡಿಸಿದರೆ ಏನಾಗುತ್ತದೆಂಬುದಕ್ಕೆ ಇನ್ನೂ ಘೋರವಾದ ಉದಾಹರಣೆ ಬೇಕೆಂದರೆ, 2014ರ ಡಿಸೆಂಬರ್ ಕೊನೆಯಲ್ಲಿ ಐಡಹೊ ಸಂಸ್ಥಾನದ ಹೇಡನ್ ಎಂಬ ಊರಿನ ವಾಲ್‌ಮಾರ್ಟ್ ಅಂಗಡಿಯಲ್ಲಿ ನಡೆದುದನ್ನು ನೆನೆಯಬಹುದು. ತರುಣಿಯೊಬ್ಬಳ ಕೈಚೀಲದಲ್ಲಿ ಪಿಸ್ತೂಲಿತ್ತು. ಆ ಚೀಲವಾದರೂ ಎಂಥದೋ ಅಗ್ಗದ ಚೀಲವಲ್ಲ, ಆಯುಧವನ್ನು ಮರೆಯಾಗಿ ಒಯ್ಯುವುದಕ್ಕೆಂದೇ ಜಿಪ್ ಹಚ್ಚಿದ ಪ್ರತ್ಯೇಕ ಅರೆಯಿಟ್ಟು ಹೊಲಿದದ್ದು. ಸಾಮಾನಿನ ಗಾಡಿಯಲ್ಲಿ ಕೂತಿದ್ದ ಆಕೆಯ ಎರಡು ವರ್ಷದ ಮಗು ಆ ಅರೆಯೊಳಗೆ ಕೈಯಿಟ್ಟಿತು. ಗುಂಡು ಹಾರಿ ತಾಯಿ ಅಲ್ಲೇ ಸತ್ತಳು. ಕೈಚೀಲಕ್ಕಿಂತ ಸುಖವಾದ ಒರೆ ಯಾವುದುಂಟು? ಅದು ಸೊಂಟಕ್ಕೆ ತಾಗುವುದೇ ಇಲ್ಲ. ತಾಗದಿರುವುದರಿಂದಲೇ ಅದು ಒಡೆಯನ ವಶದಲ್ಲಿಯೂ ಇರುವುದಿಲ್ಲ, ನೆನಪಿನಲ್ಲಿಯೂ ಇರುವುದಿಲ್ಲ. 2024ನೆಯ ಒಂದೇ ವರ್ಷದಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಪ್ರಯಾಣಿಕರಿಂದ 6,678 ಬಂದೂಕುಗಳು ಸಿಕ್ಕಿದುವು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗುಂಡು ತುಂಬಿದವು. ಚೀಲದಲ್ಲಿ ಅದಿತ್ತೆಂಬುದೇ ಮರೆತುಹೋಗಿತ್ತೆಂದು ಹೇಳಿಕೊಂಡವರೇ ಅವರಲ್ಲಿ ಬಹುಮಂದಿ.

ಹಾಗಾದರೆ ಸುಖವನ್ನೇ ಬಯಸಿ ಒರೆಯನ್ನು ಆರಿಸಬಹುದೆ? ಆರಿಸಬಹುದು, ಆರಿಸಲೇಬೇಕು, ಆದರೆ ಯಾವುದು ಸುಖವೆಂಬುದನ್ನು ಮೊದಲು ವಿವೇಚಿಸಬೇಕು. ಮೆತ್ತಗಿರುವುದೇ ಸುಖವೆಂದು ಕೈ ಹೇಳುತ್ತದೆ. ಅಂಗಡಿಯಲ್ಲಿ ಮೆತ್ತನೆಯ ನೈಲಾನ್ ಚೀಲವನ್ನು ಹಿಸುಕಿ ನೋಡಿದವನು ಗಟ್ಟಿಯಾದ ಪ್ಲಾಸ್ಟಿಕ್ ಒರೆಯನ್ನು ಮುಟ್ಟಿ ಮುಖ ಸಿಂಡರಿಸುತ್ತಾನೆ. ಕೆಲವರು ಒರೆಯೇ ಬೇಡವೆಂದು ಪಿಸ್ತೂಲನ್ನು ಸೊಂಟಕ್ಕೆ ಹಾಗೆಯೇ ಸಿಕ್ಕಿಸಿಕೊಳ್ಳುವುದೂ ಉಂಟು. ಪ್ಲಾಕ್ಸಿಕೊ ಬರೆಸ್ ಎಂಬ ಫುಟ್‌ಬಾಲ್ ಆಟಗಾರನು 2008ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ ಸೂಪರ್ ಬೌಲ್ ಪಂದ್ಯವನ್ನು ಗೆದ್ದುಕೊಟ್ಟ ಚೆಂಡನ್ನು ಹಿಡಿದವನು. ಅದೇ ವರ್ಷದ ನವೆಂಬರಿನ ಕೊನೆಯಲ್ಲಿ ಆತನು ಒಂದು ನೈಟ್‌ಕ್ಲಬ್ಬಿಗೆ ಹೋದಾಗ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಗ್ಲಾಕ್ ಪಿಸ್ತೂಲು ಜಾರಿ ಷರಾಯಿಯ ಕಾಲಿನೊಳಕ್ಕೆ ಇಳಿಯಿತು. ಹಿಡಿಯಹೋದ ಕೈ ಟ್ರಿಗರಿಗೆ ತಗುಲಿ ಗುಂಡು ಅವನ ತೊಡೆಯನ್ನೇ ಹೊಕ್ಕಿತು. ಮೈದಾನದಲ್ಲಿ ಎಂಥ ಚೆಂಡನ್ನಾದರೂ ಹಿಡಿಯಬಲ್ಲವನು ಇದನ್ನು ಹಿಡಿಯಲಾರದೆ ಹೋದನು. ಅನುಮತಿಯಿಲ್ಲದೆ ಆಯುಧವನ್ನು ಇಟ್ಟುಕೊಂಡ ತಪ್ಪಿಗೆ ಎರಡು ವರ್ಷದ ಸೆರೆವಾಸವೂ ಆಯಿತು.

ಇಲ್ಲಿ ಯಂತ್ರದ ಸಂಗತಿಯನ್ನು ಸ್ವಲ್ಪ ಹೇಳಬೇಕು. ಹಳೆಯ ರಿವಾಲ್ವರಿನ ಟ್ರಿಗರು ಸಾಮಾನ್ಯವಾಗಿ ಬಿಗಿಯಾದದ್ದು. ದೂರ ಎಳೆದಲ್ಲದೆ ಗುಂಡು ಹಾರದು. 1980ರ ದಶಕದಲ್ಲಿ ಆಸ್ಟ್ರಿಯದ ಗಾಸ್ಟನ್ ಗ್ಲಾಕನು ತಂದ ಪ್ಲಾಸ್ಟಿಕ್ ಮೈಯ ಪಿಸ್ತೂಲೂ, ಅದರ ಮಾದರಿಯಲ್ಲಿ ಅನಂತರ ಬಂದ ಹಲವು ಪಿಸ್ತೂಲುಗಳೂ ಬೇರೆ ಜಾತಿಯವು. ಕೆಳಗೆ ಬಿದ್ದರೆ ಹಾರದಂತೆ ಅವುಗಳ ಒಳಗೆ ಏರ್ಪಾಡುಗಳಿವೆ; ಆದರೆ ಹೆಬ್ಬೆರಳಿನಿಂದ ಒತ್ತಿ ಭದ್ರಪಡಿಸುವ ಹೊರಗಿನ ಅಗುಳಿ ಇಲ್ಲ; ಟ್ರಿಗರನ್ನು ಸುಮಾರು ಎರಡೂವರೆ ಕಿಲೋ ತೂಕದ ಬಲದಿಂದ ಎಳೆದರೆ ಸಾಕು. ಎಳೆಯುವುದು ಬೆರಳೆ, ಅಂಗಿಯ ಚುಂಗೆ, ಜಾಕೀಟಿನ ದಾರದ ಗುಂಡಿಯೆ ಎಂಬ ಭೇದವನ್ನು ಆ ಯಂತ್ರವು ಅರಿಯದು. ಆದುದರಿಂದ ಅಂಥ ಪಿಸ್ತೂಲಿಗೆ ಒರೆಯೇ ಅಗುಳಿ. ಟ್ರಿಗರಿನ ಸುತ್ತಲಿನ ಬಳೆಯನ್ನು ಪೂರ್ತಿಯಾಗಿ ಮುಚ್ಚದ ಒರೆಯೂ, ಹೊರಗಿನಿಂದ ಒತ್ತಿದರೆ ಒಳಕ್ಕೆ ಕುಸಿಯುವ ಒರೆಯೂ ಎಷ್ಟು ಸುಖವಾಗಿದ್ದರೂ ತ್ಯಾಜ್ಯವೇ. ವರ್ಷಾನುಗಟ್ಟಲೆ ಬಳಸಿ ಬೆವರು ಕುಡಿದ ಚರ್ಮದ ಒರೆಯ ಬಾಯಂಚು ಮೆತ್ತಗಾಗಿ ಒಳಕ್ಕೆ ಮಡಚಿಕೊಂಡು, ಪಿಸ್ತೂಲನ್ನು ಒಳಗಿಳಿಸುವಾಗ ಆ ಮಡಿಕೆಯೇ ಟ್ರಿಗರನ್ನು ಒತ್ತಿದ ಪ್ರಸಂಗಗಳು ನಡೆದಿವೆ.

ಈ ಗಟ್ಟಿತನವೇ ಸುಖಕ್ಕೂ ಮೂಲವೆಂಬುದು ಈ ವಿಷಯದಲ್ಲಿ ನನಗೆ ಅತ್ಯಂತ ಸ್ವಾರಸ್ಯವಾಗಿ ಕಂಡ ಅಂಶ. ಗುಂಡು ತುಂಬಿದ ಮಧ್ಯಮ ಗಾತ್ರದ ಪಿಸ್ತೂಲು ಮುಕ್ಕಾಲು ಕಿಲೋಗೂ ಮೇಲೆ ತೂಗುತ್ತದೆ. ಆ ಭಾರವು ಮೆತ್ತನೆಯ ಚೀಲದಲ್ಲಿ, ಮೆತ್ತನೆಯ ಬೆಲ್ಟಿನ ಮೇಲೆ, ಒಂದೇ ಬಿಂದುವಿನಲ್ಲಿ ಜೋತುಬಿದ್ದು ನಡೆದಾಗಲೆಲ್ಲ ತೂಗಾಡಿದರೆ ಮೂಳೆಗೆ ಬಡಿಯುತ್ತದೆ. ಗಟ್ಟಿಯಾದ ಒರೆಯಲ್ಲಿ, ಬಾಗದ ಬೆಲ್ಟಿನ ಮೇಲೆ ಹರಡಿಕೊಂಡು ಕೂತರೆ ಸೊಂಟದ ಸುತ್ತೆಲ್ಲ ಹಂಚಿಹೋಗುತ್ತದೆ. ಕೊಡವರ ಉಡುಪಿನಲ್ಲಿ ಇದೇ ತತ್ತ್ವವನ್ನು ಕಾಣಬಹುದು: ಕುಪ್ಯದ ಮೇಲೆ ಚೇಲೆಯನ್ನು ಬಿಗಿದು ಸುತ್ತಿ ಅದರ ಮುಂಭಾಗಕ್ಕೆ ಪೀಚೆಕತ್ತಿಯನ್ನು ಸಿಕ್ಕಿಸುವರು; ಅಗಲವಾದ ಭಾರಿ ಒಡಿಕತ್ತಿಗೆ ಮಾತ್ರ ಬಟ್ಟೆಯ ಆಸರೆ ಸಾಲದೆಂದು ಬೆನ್ನ ಹಿಂದೆ ತೋಡಂಗ್ ಎಂಬ ಹಿತ್ತಾಳೆಯ ಹಿಡಿಕೆಯನ್ನು ಕಟ್ಟುವರು. ಅಮೆರಿಕದ ಹೊಸಬನು ಐನೂರು ಆರುನೂರು ಡಾಲರು ಕೊಟ್ಟು ಪಿಸ್ತೂಲನ್ನು ಕೊಂಡು, ಬೆಲ್ಟಿಗೆ ಐವತ್ತು ಡಾಲರು ಕೊಡಲು ಹಿಂದೆಮುಂದೆ ನೋಡುತ್ತಾನೆ. ತರುವಾಯ ಒರೆಯನ್ನು ಬಯ್ಯುತ್ತಾನೆ.

ಎಲ್ಲಿ ಧರಿಸಬೇಕೆಂಬುದರಲ್ಲಿ ಮತಭೇದಗಳು ಅಪಾರ. ಬಲಗೈಯವನು ಬಲಸೊಂಟದ ಮೂಳೆಯ ಸ್ವಲ್ಪ ಹಿಂದೆ, ಷರಾಯಿಯ ಒಳಭಾಗದಲ್ಲಿ ಧರಿಸುವುದು ಹಳೆಯ ಸಂಪ್ರದಾಯ. ಹೊಕ್ಕುಳಿಗೂ ಸೊಂಟದ ಮೂಳೆಗೂ ನಡುವೆ, ಮುಂದುಗಡೆಯೇ ಧರಿಸುವುದು ಈಚೆಗೆ ಪ್ರಬಲವಾಗಿರುವ ಪಂಥ. ಮುಂದಿಟ್ಟರೆ ಕೈಗೆ ಬೇಗ ಸಿಗುತ್ತದೆ, ಜನಸಂದಣಿಯಲ್ಲಿ ಕಾಯ್ದುಕೊಳ್ಳುವುದು ಸುಲಭ. ಆದರೆ ಕೂತಾಗ ಮೂತಿಯು ತೊಡೆಯ ಮಹಾಧಮನಿಯ ಕಡೆಗೆ ತಿರುಗಿರುತ್ತದೆಂಬುದನ್ನು ಒಂದು ಕ್ಷಣವೂ ಮರೆಯುವಂತಿಲ್ಲ. ಮಧ್ಯವಯಸ್ಸಿಗೆ ಬಂದು, ಅನ್ನದ ಕೃಪೆಯಿಂದ ಹೊಟ್ಟೆಯೂ ಮುಂದೆ ಬಂದವರಿಗೆ ಈ ಪಂಥ ಹೇಳಿದ್ದಲ್ಲವೆಂದು ಹಲವರು ತೀರ್ಮಾನಿಸಿಬಿಡುತ್ತಾರೆ. ಅದು ಪೂರ್ಣ ನಿಜವಲ್ಲ. ಒರೆಯ ಕೆಳತುದಿಯ ಹಿಂಬದಿಗೆ ನೊರೆರಬ್ಬರಿನ ಸಣ್ಣ ದಿಂಬೊಂದನ್ನು ಅಂಟಿಸಿದರೆ ಮೂತಿ ಹೊರಕ್ಕೆ ಸರಿದು ಹಿಡಿ ಒಳಕ್ಕೆ ವಾಲುತ್ತದೆ. ಬೆಲ್ಟಿಗೆ ಒತ್ತಿಕೊಳ್ಳುವ ಪ್ಲಾಸ್ಟಿಕ್ಕಿನ ಸಣ್ಣ ಕೊಂಬೊಂದು ಹಿಡಿಯನ್ನು ಮೈಗೆ ಇನ್ನಷ್ಟು ಅಂಟಿಸುತ್ತದೆ. ಅಂಗಿಯ ಮೇಲೆ ಉಬ್ಬಾಗಿ ಕಾಣುವುದು ಸಾಮಾನ್ಯವಾಗಿ ನಳಿಗೆಯಲ್ಲ, ಹಿಡಿ; ಹೊಸಬನು ಗಿಡ್ಡ ನಳಿಗೆಯನ್ನು ಹುಡುಕುತ್ತ ಹೋಗುವುದು ಆದುದರಿಂದ ವ್ಯರ್ಥ. ಅಷ್ಟೇ ಅಲ್ಲ, ಒರೆಯು ಬೆಲ್ಟಿನಿಂದ ಕೆಳಗೆ ತಕ್ಕಷ್ಟು ಉದ್ದವಾಗಿದ್ದರೆ ಮೇಲಿನ ಭಾರ ಹೊರಕ್ಕೆ ಮಗುಚುವುದಿಲ್ಲ. ಗಿಡ್ಡ ಒರೆ ಮಗುಚಿ ಹೊಟ್ಟೆಯನ್ನು ಚುಚ್ಚುತ್ತದೆ. ಬೆನ್ನಿನ ನಡುವೆ ಧರಿಸುವುದು ಸಿನಿಮಾಗಳಿಗೆ ಪ್ರಿಯವಾದ ಕ್ರಮ; ಜಾರಿ ಬೆನ್ನಡಿಯಾಗಿ ಬಿದ್ದರೆ ಬೆನ್ನುಮೂಳೆಯ ಕೆಳಗೆ ಉಕ್ಕಿನ ತುಂಡೊಂದು ಇರುತ್ತದೆಂಬುದನ್ನು ಸಿನಿಮಾ ತೋರಿಸುವುದಿಲ್ಲ.

ಒರೆಯು ಇಂಥದೇ ಪಿಸ್ತೂಲಿಗೆಂದು ಅಚ್ಚಾದದ್ದಾಗಿರಬೇಕು. ಎಲ್ಲಕ್ಕೂ ಒಗ್ಗುವುದು ಯಾವುದಕ್ಕೂ ಒಗ್ಗದು. ಇದರಲ್ಲಿ ಎಡವಿದವರಲ್ಲಿ ಜೇಮ್ಸ್ ಬಾಂಡನನ್ನು ಸೃಷ್ಟಿಸಿದ ಇಯಾನ್ ಫ್ಲೆಮಿಂಗನೂ ಒಬ್ಬ. ಬಾಂಡನ ಆಯುಧಗಳ ಆಯ್ಕೆ ಸರಿಯಿಲ್ಲವೆಂದು ಜೆಫ್ರಿ ಬೂತ್‌ರಾಯ್ಡ್ ಎಂಬ ಬಂದೂಕು ತಜ್ಞನು 1956ರಲ್ಲಿ ಕಾಗದ ಬರೆದು ಸಲಹೆ ಕೊಟ್ಟನು. ಫ್ಲೆಮಿಂಗನು 1958ರ ‘ಡಾಕ್ಟರ್ ನೋ’ ಕಾದಂಬರಿಯಲ್ಲಿ ಬಾಂಡನಿಗೆ ವಾಲ್ಥರ್ ಪಿಸ್ತೂಲನ್ನೂ, ಜೊತೆಗೆ ಬರ್ನ್ಸ್-ಮಾರ್ಟಿನ್ ಒರೆಯನ್ನೂ ದಯಪಾಲಿಸಿದನು. ಆ ಒರೆ ರಿವಾಲ್ವರುಗಳಿಗೆಂದು ಮಾಡಿದ್ದು. ವಾಲ್ಥರ್ ಅದರಲ್ಲಿ ನಿಲ್ಲುವಂತೆಯೇ ಇರಲಿಲ್ಲ. ಕಾದಂಬರಿಯಲ್ಲಿ ಇದು ನಡೆಯುತ್ತದೆ. ಇಂದು ಬಹುಮಟ್ಟಿಗೆ ಬಳಕೆಯಲ್ಲಿರುವ ಕೈಡೆಕ್ಸ್ ಎಂಬ ಪ್ಲಾಸ್ಟಿಕ್ ಹಾಳೆಯು 1960ರ ದಶಕದಲ್ಲಿ ವಿಮಾನಗಳ ಒಳಮೈಯ ಹೊದಿಕೆಗೆಂದು ಸಿದ್ಧವಾದದ್ದು. ಅದನ್ನು ಕಾಯಿಸಿ ಪಿಸ್ತೂಲಿನ ಪಡಿಯಚ್ಚಿನ ಮೇಲೆ ಒತ್ತಿದರೆ ಒಂದೊಂದು ಅಂಚನ್ನೂ ಅನುಸರಿಸಿ ನಿಲ್ಲುತ್ತದೆ, ಪಿಸ್ತೂಲು ತನ್ನ ಸ್ಥಾನಕ್ಕೆ ಬಂದಾಗ ಟಕ್ಕೆಂದು ಸದ್ದಾಗುತ್ತದೆ. ಬೆವರನ್ನು ಅದು ಹೀರುವುದಿಲ್ಲ, ಆದರೆ ಬೇಸಗೆಯಲ್ಲಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಒಳಗೊಂದು ಬನಿಯನ್ನಿದ್ದರೆ ತೊಂದರೆಯಿಲ್ಲ. ಚರ್ಮದ ಒರೆ ಮೈಗೆ ಹಿತ. ಅದಕ್ಕೆ ಬೇಕಾದುದು ಒಡೆಯನ ಎಚ್ಚರಿಕೆ.

ತರಬೇತಾದವರಿಗೆ ಇದೆಲ್ಲ ಬೇಕಿಲ್ಲವೆಂಬ ಭ್ರಮೆಯೂ ಬೇಡ. 2015ರಲ್ಲಿ ವಾಷಿಂಗ್ಟನ್ನಿನ ಸಂಸದ್ಭವನವನ್ನು ಕಾಯುವ ಪೊಲೀಸರೇ ಪಾಯಿಖಾನೆಗಳಲ್ಲಿ ಪಿಸ್ತೂಲುಗಳನ್ನು ಬಿಟ್ಟುಬಂದರು. ಒಂದು ಆಸನಕ್ಕೆ ಹಾಸುವ ಕಾಗದದ ಡಬ್ಬಿಯೊಳಗೆ ಸಿಕ್ಕಿತು, ಇನ್ನೊಂದು ಅಲ್ಲಿಗೆ ಬಂದಿದ್ದ ಒಂದು ಮಗುವಿನ ಕಣ್ಣಿಗೆ ಬಿತ್ತು. ಬೆಲ್ಟನ್ನು ಬಿಚ್ಚಿದೊಡನೆ ಭಾರಕ್ಕೆ ಒರೆ ವಾಲುತ್ತದೆ, ಪಿಸ್ತೂಲನ್ನು ತೆಗೆದು ಕೈಗೆಟುಕಿದ ಕಡೆ ಇಡಬೇಕೆನಿಸುತ್ತದೆ. ಬಾಯಿ ಕೆಳಗಾದರೂ ಪಿಸ್ತೂಲನ್ನು ಬಿಡದೆ ಹಿಡಿದಿರುವ ಒರೆಯಾದರೆ ತೆಗೆಯುವ ಪ್ರಮೇಯವೇ ಬಾರದು. ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ ಇದು, ಕೇಳಲೇಬೇಕಾದದ್ದೂ ಇದೇ.

ಇನ್ನು ನಮ್ಮವರ ವಿಷಯ. ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದ ಮೇಲೆ ಅಮೆರಿಕದಲ್ಲಿರುವವರು, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಪಿಸ್ತೂಲನ್ನು ಇಟ್ಟುಕೊಳ್ಳುವುದೇ ಅಲ್ಲಿನ ಕೇಂದ್ರ ಶಾಸನಕ್ಕೆ ವಿರುದ್ಧ. ಗ್ರೀನ್ ಕಾರ್ಡ್ ಪಡೆದವರಿಗೆ ಆ ನಿಷೇಧವಿಲ್ಲ. ಸಂಸ್ಥಾನದ ಕಾನೂನು ಸಡಿಲವಾಗಿದೆಯೆಂದು ಸ್ನೇಹಿತನ ಮಾತು ಕೇಳಿ ಕೊಂಡವನು ವೀಸಾವನ್ನೇ ಕಳೆದುಕೊಂಡಾನು. ಇತ್ತ ಭಾರತದಲ್ಲಿ ಪರವಾನಗಿಯುಳ್ಳವರಿಗೆ 2016ರ ಶಸ್ತ್ರಾಸ್ತ್ರ ನಿಯಮಾವಳಿಯು, ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಒಯ್ಯುವುದಾದರೆ ಒರೆಯಲ್ಲೋ ತಕ್ಕ ಚೀಲದಲ್ಲೋ ಒಯ್ಯಬೇಕೆಂದೂ, ಅದು ಪೂರ್ತಿ ಮುಚ್ಚಿರಬೇಕೆಂದೂ, ಒಯ್ಯುವವನ ಹತೋಟಿಯಲ್ಲಿರಬೇಕೆಂದೂ ವಿಧಿಸುತ್ತದೆ. ಮದುವೆ ಮೆರವಣಿಗೆಗಳಲ್ಲಿ ರಿವಾಲ್ವರನ್ನು ಸೊಂಟದ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಮೀಸೆ ತಿರುವುವ ಮಹನೀಯರು ಈ ನಿಯಮವನ್ನು ಓದಿದಂತೆ ತೋರುವುದಿಲ್ಲ.

ಒರೆಯನ್ನು ಕೊಂಡ ಮೇಲೆ ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಬರಿಯ ಪಿಸ್ತೂಲಿನೊಡನೆ ಮನೆಯೊಳಗೆ ಕೆಲವು ದಿನ ಧರಿಸಿ ನೋಡಬೇಕು: ಕುರ್ಚಿಯಲ್ಲಿ ಕೂತು ಊಟ ಮಾಡಬೇಕು, ನೆಲದ ಮೇಲೆ ಬಿದ್ದ ಪೆನ್ನನ್ನು ಬಗ್ಗಿ ತೆಗೆಯಬೇಕು, ಕಾರಿನ ಪಟ್ಟಿಯನ್ನು ಬಿಗಿದುಕೊಂಡು ಅರ್ಧ ಗಂಟೆ ಕೂಡಬೇಕು. ಅಂಗಿಯನ್ನು ಒಂದು ಕೈಯಿಂದ ಮೇಲಕ್ಕೆತ್ತಿ ಹಿಡಿದು, ಒರೆಯ ಬಾಯನ್ನು ಕಣ್ಣಿಂದ ನೋಡಿ, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು ನಿಧಾನವಾಗಿ ಒಳಗಿಳಿಸುವ ಅಭ್ಯಾಸವನ್ನು ಆಗಲೇ ಮಾಡಿಕೊಳ್ಳಬೇಕು. ಅಪಘಾತಗಳಾಗುವುದು ಹೊರಗೆಳೆಯುವಾಗ ಎಷ್ಟೋ ಅಷ್ಟೇ ಒಳಗಿಡುವಾಗಲೂ, ಮತ್ತು ಒಳಗಿಡುವುದಕ್ಕೆ ಅವಸರವೆಂಬುದು ಎಂದೂ ಇರುವುದಿಲ್ಲ. ಪದೇ ಪದೇ ಕೈ ಸೊಂಟಕ್ಕೆ ಹೋಗಿ ಸರಿಪಡಿಸುತ್ತಿದ್ದರೆ ಆ ಒರೆ ಆಗದು. ಬೆಲ್ಟಿನ ಬಿಗಿತವನ್ನೂ ಒರೆಯ ಎತ್ತರವನ್ನೂ ವಾಲಿಕೆಯನ್ನೂ ಬದಲಿಸಿ ನೋಡಿ, ಆದರೂ ಒಗ್ಗದಿದ್ದರೆ ಹಿಂದಿರುಗಿಸಿ ಬೇರೆಯದನ್ನು ತರಿಸುವುದೇ ಸರಿ. ಅಲ್ಲಿನ ಬಹುಪಾಲು ಧಾರಿಗಳ ಮನೆಯ ಮೇಜಿನ ಖಾನೆಯಲ್ಲಿ ಒಗ್ಗದ ಒರೆಗಳ ರಾಶಿಯೊಂದು ಇರುವುದಂತೆ. ಮೊದಲನೆಯದನ್ನೇ ಹಟ ಹಿಡಿದು ಧರಿಸುವುದಕ್ಕಿಂತ ಆ ದುಂದುಗಾರಿಕೆಯೇ ಮೇಲು.