ಹಸಿದ ಬ್ಯಾಕ್ಟೀರಿಯಾ ಬರೆದ ಲೆಕ್ಕ

ಪಿಯುಸಿ ಮುಗಿದ ಮರುದಿನವೇ ಗಣಿತದ ಪುಸ್ತಕಗಳನ್ನೆಲ್ಲ ತೂಕಕ್ಕೆ ಹಾಕಿಬಿಟ್ಟೆ. ಗಣಿತವಿಲ್ಲದ ಕಾಂಬಿನೇಷನ್ ಹುಡುಕಿ ಬಿಎಸ್ಸಿ ಮೈಕ್ರೋಬಯಾಲಜಿ ಸೇರಿದೆ. ಹೀಗೆ ತಪ್ಪಿಸಿಕೊಂಡು ಬಂದವರು ನಮ್ಮ ತರಗತಿಯಲ್ಲಿ ಬೇಕಾದಷ್ಟಿದ್ದೇವೆ.

ಕಳೆದ ದಸರಾ ರಜೆಗೆ ಮುಂಚೆ ಬ್ಯಾಸಿಲಸ್ ಸಬ್ಟಿಲಿಸ್ ಬೆಳೆಸುವ ಪ್ರಾಕ್ಟಿಕಲ್ ಇತ್ತು. ಅಗರ್ ತಯಾರಿಸುವಾಗ ಪೆಪ್ಟೋನ್ ತೂಗುವುದರಲ್ಲಿ ಎಡವಟ್ಟು ಮಾಡಿದೆ. ಹಾಕಬೇಕಾದ್ದರ ಐದನೇ ಒಂದು ಭಾಗವೂ ಬಿದ್ದಿರಲಿಲ್ಲ. ಮೂರು ವಾರ ಬಿಟ್ಟು ನೋಡಿದರೆ ಎಲ್ಲರ ಪ್ಲೇಟಿನಲ್ಲೂ ದುಂಡನೆಯ ಕಾಲೊನಿ, ನನ್ನದರಲ್ಲಿ ಮಾತ್ರ ಎಲೆ ಉದುರಿದ ಮರದಂತೆ ಕವಲು ಕವಲು. ‘ಕೆಟ್ಟಿದೆ, ಬಿಸಾಕು’ ಎಂದರು. ಆಟೋಕ್ಲೇವಿಗೆ ಹಾಕಿದೆ. ರೆಕಾರ್ಡಿನಲ್ಲಿ ಪಕ್ಕದವಳ ದುಂಡು ಕಾಲೊನಿ ನೋಡಿ ಚಿತ್ರ ಬರೆದು ಸಹಿ ಹಾಕಿಸಿಕೊಂಡೆ. ಉಳಿದದ್ದು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ.

ಅದು ಕೆಟ್ಟ ಪ್ಲೇಟ್ ಅಲ್ಲ ಎಂದು ಗೊತ್ತಾಗಲು ಆರು ತಿಂಗಳು ಬೇಕಾಯಿತು. ಇದೇ ಬ್ಯಾಕ್ಟೀರಿಯಾದ ಇಂಥದೇ ಕವಲುಗಳನ್ನು ಜಪಾನಿನ ಫುಜಿಕಾವ ಮತ್ತು ಮತ್ಸುಶಿತ 1989–90ರಲ್ಲೇ ಅಳೆದಿದ್ದರು. ಗಟ್ಟಿ ಅಗರ್ ಮೇಲೆ ಬ್ಯಾಕ್ಟೀರಿಯಾ ಈಜಲಾರದು. ಆಹಾರ ಬಂದಲ್ಲಿ ಮಾತ್ರ ಎರಡಾಗುತ್ತದೆ. ಆಹಾರವೋ ಹೊರಗಿನಿಂದ ನಿಧಾನವಾಗಿ ಹರಡಿಕೊಂಡು ಬರಬೇಕು. ಅಂಚಿನಲ್ಲಿ ತುಸುವೇ ಮುಂದೆ ಚಾಚಿದ ಉಬ್ಬಿಗೆ ಅದು ಮೊದಲು ಸಿಗುತ್ತದೆ, ಉಬ್ಬು ಇನ್ನಷ್ಟು ಚಾಚುತ್ತದೆ. ಮದುವೆ ಊಟದಲ್ಲಿ ಪಂಕ್ತಿಯ ತುದಿಯವರಿಗೇ ಹೋಳಿಗೆ ಮುಗಿದು ನಡುವಿನವರ ಎಲೆ ಖಾಲಿ ಉಳಿದ ಹಾಗೆ, ಒಳಗಿನ ಸಂದುಗಳು ಹಸಿದೇ ಇರುತ್ತವೆ.

ಇದರ ಗಣಿತ ಮಾದರಿಯನ್ನು 1981ರಲ್ಲಿ ಕೊಟ್ಟವರು ವಿಟನ್ ಮತ್ತು ಸ್ಯಾಂಡರ್. ಅದರಲ್ಲಿ ಬ್ಯಾಕ್ಟೀರಿಯಾವೇ ಇಲ್ಲ! ದೂರದಿಂದ ಒಂದು ಕಣ ಗೊತ್ತುಗುರಿಯಿಲ್ಲದೆ ಅಲೆದು ಬರುತ್ತದೆ, ಗುಂಪಿಗೆ ತಾಗಿದಲ್ಲಿ ಅಂಟಿಕೊಳ್ಳುತ್ತದೆ, ಆಮೇಲೆ ಇನ್ನೊಂದು. ಕಂಪ್ಯೂಟರ್ ಸೈನ್ಸ್ ಗೆಳೆಯನ ಜತೆ ಕೂತು ನಲವತ್ತು ಸಾಲಿನ ಪ್ರೋಗ್ರಾಂ ಬರೆದೆ. ಪರದೆಯ ಮೇಲೆ ನನ್ನ ಪ್ಲೇಟ್ ಮತ್ತೆ ಬೆಳೆಯಿತು.

ಬರೀ ಹೋಲಿಕೆ ಸಾಲದು, ಅಳೆಯಬೇಕು. ಚಿತ್ರದ ಮೇಲೆ ಚೌಕಗಳನ್ನು ಹಾಸಿ, ಕಾಲೊನಿ ತಾಗಿದ ಚೌಕಗಳನ್ನು ಎಣಿಸಿ, ಚೌಕದ ಬದಿಯನ್ನು ಅರ್ಧ ಮಾಡಿ ಮತ್ತೆ ಎಣಿಸಬೇಕು. ಗೆರೆಯಾದರೆ ಎಣಿಕೆ ಎರಡು ಪಟ್ಟು, ತುಂಬಿದ ವೃತ್ತವಾದರೆ ನಾಲ್ಕು ಪಟ್ಟು. ಆಯಾಮ 1 ಮತ್ತು 2. ಜಪಾನಿನವರಿಗೆ ಸಿಕ್ಕಿದ ಆಯಾಮ ಸುಮಾರು 1.7, ಮಾದರಿಯದೂ ಅಷ್ಟೇ. ನನ್ನ ಫೋಟೊದಲ್ಲಿ ಗ್ರಾಫ್ ಹಾಳೆಯಿಟ್ಟು ಎಣಿಸಿದಾಗ 41 ಚೌಕ 126 ಆಯಿತು. ಆಯಾಮ 1.6ರ ಆಸುಪಾಸು. ಒರಟು ಲೆಕ್ಕ, ಆದರೂ ನನ್ನದೇ.

ಈ ಮಾದರಿ ಎಲ್ಲವನ್ನೂ ಹೇಳುವುದಿಲ್ಲ. ಮೆದು ಅಗರ್‌ನಲ್ಲಿ ಬ್ಯಾಕ್ಟೀರಿಯಾ ಈಜುತ್ತದೆ, ಒಂದಕ್ಕೊಂದು ರಾಸಾಯನಿಕ ಸುಳಿವು ಕೊಡುತ್ತದೆ. ಇಸ್ರೇಲಿನ ಎಶೆಲ್ ಬೆನ್-ಜೇಕಬ್ ತಂಡ 1994ರಲ್ಲಿ ಅದನ್ನೂ ಮಾದರಿಗೆ ಸೇರಿಸಿತು. ಅಲ್ಲಿಯ ಸಮೀಕರಣಗಳು ನನಗಿನ್ನೂ ಕಬ್ಬಿಣದ ಕಡಲೆ. ಹದಿನೇಳರ ವಯಸ್ಸಿನಲ್ಲಿ ‘ಬಯಾಲಜಿಗೆ ಮ್ಯಾಥ್ಸ್ ಯಾಕೆ’ ಎಂದು ಬಾಗಿಲು ಹಾಕಿಕೊಂಡವನಿಗೆ ಮೂರು ವರ್ಷದಲ್ಲಿ ಅದನ್ನು ಮತ್ತೆ ತೆರೆಯುವ ಅವಕಾಶವೇ ಸಿಗಲಿಲ್ಲ. ಒಂದು ಐಚ್ಛಿಕ ಪತ್ರಿಕೆ, ಹೋಗಲಿ, ಪ್ಲೇಟನ್ನು ನೋಡಿ ಎಣಿಸುವ ಒಂದೇ ಒಂದು ಪ್ರಾಕ್ಟಿಕಲ್ ಇದ್ದಿದ್ದರೂ ಅದು ಕಸಕ್ಕೆ ಹೋಗುತ್ತಿರಲಿಲ್ಲ.

ಪಕ್ಕಪಕ್ಕ ಎರಡು ಕಡೆ ಬಿತ್ತಿದರೆ ಎದುರುಬದುರಾದ ಕವಲುಗಳು ಕೂಡದೆ ನಿಲ್ಲುತ್ತವಂತೆ, ನಡುವಿನ ಆಹಾರವನ್ನು ಎರಡೂ ತಿಂದು ಮುಗಿಸಿರುವುದರಿಂದ. ದಸರಾ ಮತ್ತೆ ಹತ್ತಿರವಾಗಿದೆ. ಪೆಪ್ಟೋನ್ ತೂಗಿಟ್ಟಿದ್ದೇನೆ; ಈ ಸಲ ಬೇಕೆಂದೇ ಕಡಿಮೆ.