ಹಸು ಮಾರುವ ಮೊದಲು ಕಾಗದ ನೋಡೋಣ

ದೀಪಾವಳಿಯ ಗೋಪೂಜೆ ಮುಗಿಯಿತು. ಹೊಸ ವರ್ಷ ಬಂದರೆ ಸಿಇಟಿ ಅರ್ಜಿಯ ಕಾಲ. ಪ್ರತಿ ಸಲ ಲಸಿಕೆ, ಉಣ್ಣೆ, ಕೆಚ್ಚಲು ಬಾವಿನ ಬಗ್ಗೆ ಬರೆಯುವ ನಾನು ಈ ಸಲ ಮಕ್ಕಳ ಓದಿನ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ಒಂದು ಹಸು.

ಕಳೆದ ಮಳೆಗಾಲದಲ್ಲಿ ಹೊನ್ನಾವರ ತಾಲೂಕಿನ ಒಂದು ಮನೆಯಿಂದ ಕರೆ ಬಂತು. "ಡಾಕ್ಟ್ರೇ, ಗಬ್ಬ ಎಷ್ಟು ತಿಂಗಳು ನೋಡಿ ಹೇಳಿ, ತಗೊಳ್ಳುವವರು ಬಂದಿದ್ದಾರೆ." ಆರು ತಿಂಗಳ ಗಬ್ಬದ ಜೆರ್ಸಿ ಮಿಶ್ರತಳಿ, ಆ ಕೊಟ್ಟಿಗೆಯ ಒಳ್ಳೆಯ ಹಸು. ಯಾಕೆ ಮಾರುತ್ತೀರಿ ಅಕ್ಕಾ ಎಂದೆ. ಮಗಳಿಗೆ ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ವಾರದೊಳಗೆ ಹಣ ಕಟ್ಟಬೇಕು ಎಂದರು. ಹುಡುಗಿ ಒಂದರಿಂದ ಹತ್ತರವರೆಗೆ ಊರಿನ ಕನ್ನಡ ಶಾಲೆಯಲ್ಲೇ ಓದಿದವಳು. ಆದರೆ ಅವಳ ಅರ್ಜಿಯಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮ ಎಂಬ ಎರಡೂ ಕಡೆ "ಇಲ್ಲ" ಎಂದಿತ್ತು. ತುಂಬಿದವರು ಕೇಳಲಿಲ್ಲ, ಇವರಿಗೆ ಹೇಳಬೇಕೆಂದು ಗೊತ್ತಿರಲಿಲ್ಲ. ಹಸು ಹೋಯಿತು.

ಆ ಹಣದಲ್ಲಿ ಮೊದಲ ವರ್ಷದ ಫೀ ಆಯಿತು. ಎರಡನೆಯ, ಮೂರನೆಯ ವರ್ಷಕ್ಕೆ? ಆ ಫೀಯನ್ನು ಕಟ್ಟಬೇಕಾಗಿದ್ದದ್ದೇ ಆ ಹಸು. ಅದಕ್ಕೇ ಹೇಳುತ್ತೇನೆ, ಓದಿಗಾಗಿ ಹಾಲು ಮಾರಿ, ಹಸುವನ್ನು ಮಾರಬೇಡಿ. ಹಸುವಿನ ಹಗ್ಗ ಬಿಚ್ಚುವ ಮೊದಲು ಮಗುವಿನ ಕಾಗದ ಬಿಚ್ಚಿ ನೋಡಿ.

ಸಿಇಟಿಯ ಸರ್ಕಾರಿ ಸೀಟುಗಳಲ್ಲಿ ಶೇ. 15 ಗ್ರಾಮೀಣ ಮಕ್ಕಳಿಗೆ, ಶೇ. 5 ಕನ್ನಡ ಮಾಧ್ಯಮದವರಿಗೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತೂ ವರ್ಷದ ಲೆಕ್ಕ. ಓದಿದ ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಬೇಕು. ನನ್ನನ್ನು ಎಂಟನೇ ತರಗತಿಗೆ ಪೇಟೆಯ ಹೈಸ್ಕೂಲಿಗೆ ಸೇರಿಸಿದರು, ಗ್ರಾಮೀಣ ಮೀಸಲಾತಿ ಅಲ್ಲಿಗೆ ತಪ್ಪಿತು. ಏಳನೇ ತರಗತಿ ಮುಗಿಸುವ ಮಕ್ಕಳಿರುವವರು ಇದನ್ನು ಈಗಲೇ ಯೋಚಿಸಿ.

ನನ್ನ ಕೈ ಹಿಡಿದದ್ದು ಕೃಷಿಕರ ಕೋಟಾ. ಪಶುವೈದ್ಯಕೀಯ, ಕೃಷಿ, ತೋಟಗಾರಿಕೆ, ಅರಣ್ಯ, ಮೀನುಗಾರಿಕೆ ಪದವಿಗಳಲ್ಲಿ ಸೀಟುಗಳ ಒಂದು ಪಾಲು ಕೃಷಿಕರ ಮಕ್ಕಳಿಗೆಂದೇ ಇದೆ. ಅದಕ್ಕೆ ತಹಶೀಲ್ದಾರರ ಪ್ರಮಾಣಪತ್ರ ಬೇಕು, ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಬೀಜ, ಗೊಬ್ಬರ, ಮೇವು, ಸಲಕರಣೆ ಗುರುತಿಸುವ ಪರೀಕ್ಷೆ ಅದು. ಅಮ್ಮನ ಹಿಂದೆ ಕೊಟ್ಟಿಗೆಯಲ್ಲಿ ಓಡಾಡಿದ್ದೇ ನನಗೆ ಟ್ಯೂಷನ್ ಆಯಿತು. ನಿಮ್ಮ ಮಕ್ಕಳಿಗೂ ಆ ಟ್ಯೂಷನ್ ಮನೆಯಲ್ಲೇ ಇದೆ. ಅರಣ್ಯ ಕಾಲೇಜು ನಮ್ಮ ಶಿರಸಿಯಲ್ಲಿದೆ, ಪಶುವೈದ್ಯಕೀಯ ಕಾಲೇಜು ಶಿವಮೊಗ್ಗದಲ್ಲಿದೆ, ಮೀನುಗಾರಿಕೆ ಕಾಲೇಜು ಮಂಗಳೂರಿನಲ್ಲಿದೆ. ಪಿಯುಸಿ ಬೇಡವೆಂದರೆ ಎಸ್ಸೆಸ್ಸೆಲ್ಸಿ ಆದ ಮೇಲೆ ಪಶುಸಂಗೋಪನೆ ಡಿಪ್ಲೊಮಾ ಇದೆ.

ಇನ್ನು ಹಣದ ಮಾತು. ವಿದ್ಯಾರ್ಥಿವೇತನದ ಅರ್ಜಿ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ. 2013ರಲ್ಲಿ ಶುರುವಾದಾಗ ಅದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಸೇರುವವರಿಗೆ ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರ ನಿಗಮಗಳ ಅರಿವು ಸಾಲ ಇದೆ, ಬಡ್ಡಿ ಶೇ. 2. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ತಂದೆಯೋ ತಾಯಿಯೋ ಜೊತೆಗೆ ಸಹಿ ಹಾಕಿದರೆ ಸಾಕು, ಕರಿಮಣಿ ಒತ್ತೆ ಇಡಬೇಕಿಲ್ಲ.

ಹಾಲಿನ 5 ರೂಪಾಯಿ ಪ್ರೋತ್ಸಾಹಧನ ಆಧಾರ್ ಜೋಡಣೆಯಾಗದೆ ನಿಂತು ಓಡಾಡಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮಗುವಿನ ವಿದ್ಯಾರ್ಥಿವೇತನವೂ ಹಾಗೆಯೇ ನಿಲ್ಲುತ್ತದೆ. ಆಧಾರ್, ಅಂಕಪಟ್ಟಿ, ಪಾಸ್‌ಬುಕ್ಕು ಮೂರರಲ್ಲೂ ಹೆಸರು, ಇನಿಶಿಯಲ್ ಒಂದೇ ರೀತಿ ಇದೆಯೇ ನೋಡಿ. ಇಲ್ಲದಿದ್ದರೆ ಡಿಸೆಂಬರಿನಲ್ಲೇ ಸರಿಪಡಿಸಿ. ಜೂನ್ ಮಳೆಯಲ್ಲಿ ಎಲ್ಲರೂ ಅದೇ ಸಾಲಿನಲ್ಲಿ ನಿಂತಿರುತ್ತಾರೆ.

"ಹೆಣ್ಣುಮಗು, ದೂರ ಬೇಡ" ಎಂಬ ಮಾತೂ ಕೇಳುತ್ತೇನೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಮುರ್ಡೇಶ್ವರದಿಂದ ಕುಮಟಾಕ್ಕೆ ಹೋಗಿ ಬರಲು ಖರ್ಚಿನ ನೆಪ ಈಗ ಉಳಿದಿಲ್ಲ. ಮಗನಿಗೆ ದೂರವಲ್ಲದ ಊರು ಮಗಳಿಗೆ ಹೇಗೆ ದೂರವಾಯಿತು?

"ಎಲ್ಲರೂ ಓದಿ ಹೋದರೆ ದನ ನೋಡುವವರು ಯಾರು ಡಾಕ್ಟ್ರೇ?" ಎಂದು ಕುಮಟಾ ಕಡೆಯ ಒಬ್ಬ ಅಮ್ಮ ಕೇಳಿದರು. ಸುಲಭದ ಉತ್ತರ ನನ್ನಲ್ಲಿಲ್ಲ. ಓದಿದವರಲ್ಲಿ ಕೆಲವರು ಹಿಂದೆ ಬರುವುದಿಲ್ಲ, ಅದು ನಿಜ. ಆದರೆ ಬೇರೆ ದಾರಿಯಿಲ್ಲದೆ ಕೊಟ್ಟಿಗೆಯಲ್ಲಿ ಉಳಿದವಳಿಗೂ ತಿಳಿದು ಉಳಿದವಳಿಗೂ ವ್ಯತ್ಯಾಸವಿದೆ. ಆ ವ್ಯತ್ಯಾಸ ಹಸುವಿನ ಮೈಯಲ್ಲೇ ಕಾಣುತ್ತದೆ, ದಿನವೂ ನೋಡುವವರಲ್ಲಿ ನಾನೂ ಒಬ್ಬ.

ನಮ್ಮ ಸಂಘಗಳಿಗೆ ಒಂದು ಕೋರಿಕೆ. ಡಿಸೆಂಬರಿನಲ್ಲಿ ಒಂದು ದಿನ, ಬೆಳಗಿನ ಹಾಲು ಅಳೆದ ಮೇಲೆ, ಡೇರಿಯಲ್ಲೇ ಎರಡು ತಾಸು ಕೂರೋಣ. ಹತ್ತನೇ ತರಗತಿ, ಪಿಯುಸಿ ಓದುವ ಮಕ್ಕಳಿರುವ ಸದಸ್ಯೆಯರು ಕಾಗದ ತನ್ನಿ, ಊರಿನ ಮೇಷ್ಟರನ್ನು ಕರೆಯೋಣ. ಕಾರ್ಯದರ್ಶಿಯವರು ದಿನ ಹೇಳಿದರೆ ನಾನೂ ಬರುತ್ತೇನೆ. ಮುಂದಿನ ಜುಲೈನಲ್ಲಿ ನೀವು ನನ್ನನ್ನು ಗಬ್ಬ ನೋಡಲು ಕರೆದರೆ ಅದು ಕರುವಿನ ಆಸೆಗೆ ಆಗಿರಲಿ, ಮಾರಾಟಕ್ಕೆ ಬೇಡ.