ಪಟ್ಟಿ ಚಿಕ್ಕದಿರಲಿ, ಮಳೆ ಕೇಳಿ ಹೊರಡಿ

ಮೊನ್ನೆ ಭಾನುವಾರ ನಮ್ಮ ಡೊಂಬಿವಲಿ ಮನೆಯ ಊಟದ ಟೇಬಲ್ಲಿನ ಮೇಲೆ ಒಂದು ಬಣ್ಣಬಣ್ಣದ ಕಾಗದ ಬಿದ್ದಿತ್ತು. ಟ್ರಾವೆಲ್ ಏಜೆಂಟ್ ಕೊಟ್ಟಿದ್ದು. ಶ್ರೀಲಂಕಾ, ಏಳು ರಾತ್ರಿ, ಎಂಟು ಹಗಲು, ಮೇ ತಿಂಗಳ ಎರಡನೇ ವಾರ. ಕೊಲಂಬೊ, ಪಿನ್ನವಲ, ಕ್ಯಾಂಡಿ, ನುವರ ಎಲಿಯ, ಎಲ್ಲ, ಯಾಲ, ಮಿರಿಸ್ಸ, ಗಾಲೆ, ಬೆಂತೋಟ, ಕೊನೆಗೆ ಮತ್ತೆ ಕೊಲಂಬೊದಲ್ಲಿ ಶಾಪಿಂಗ್. ‘ಎಲ್ಲ’ ಅನ್ನೋದು ಒಂದು ಊರಿನ ಹೆಸರು ಮಾರಾಯ್ರೆ. ಆದ್ರೆ ಏಜೆಂಟ್ ಅದನ್ನು ನಮ್ಮ ಕನ್ನಡದ ಅರ್ಥದಲ್ಲೇ ತಗೊಂಡ ಹಾಗಿತ್ತು.

ನಾನು ಬ್ಯಾಂಕಿನಿಂದ ನಿವೃತ್ತನಾಗಿ ಐದು ವರ್ಷವಾಯ್ತು. ಈವರೆಗೆ ವಿದೇಶ ಅಂತ ನೋಡಿಲ್ಲ. ನನ್ನಾಕೆಯ ಮಂಡಿ ಹೋದ ವರ್ಷದಿಂದ ತಕರಾರು ತೆಗೆದಿದೆ. ಇಂಥ ಪ್ರಯಾಣ ನಮಗೆ ಇದು ಮೊದಲನೆಯದು, ಪ್ರಾಯಶಃ ಕೊನೆಯದೂ ಹೌದು. ಹಾಗಾಗಿ ಪುಣೆಯ ಮಗಳು, ಏಳು ವರ್ಷದ ಮೊಮ್ಮಗ, ಮುಲುಂಡಿನ ಭಾವ, ಎಲ್ಲರೂ ಕೂತು ಆ ಕಾಗದದ ಮೇಲೆ ಎರಡು ತಾಸು ಜಗಳಾಡಿದೆವು. ಹತ್ತು ಸಾವಿರ ಮುಂಗಡ ಆಗಲೇ ಕೊಟ್ಟಾಗಿತ್ತು. ಅದು ಹೋದರೂ ಪರವಾಗಿಲ್ಲ, ಈ ಪಟ್ಟಿ ಬೇಡ ಅಂದೆ. ಯಾಕೆ ಅಂತ ಇಲ್ಲಿ ಬರೀತಿದ್ದೇನೆ. ನಮ್ಮ ಹಾಗೆ ಮೊದಲ ಸಲ ಕಾಡಿನ ದೇಶಕ್ಕೆ ಹೊರಟವರಿಗೆ ಉಪಯೋಗಕ್ಕೆ ಬಂದೀತು.

ಮೊದಲನೆಯ ಮಾತು ಮಳೆಯದ್ದು. ನಾವು ಮುಂಬಯಿಯವರು ಪ್ರವಾಸದ ದಿನ ಗೊತ್ತು ಮಾಡೋದು ಶಾಲೆಯ ಕ್ಯಾಲೆಂಡರ್ ನೋಡಿ. ಒಂದೋ ಮೇ, ಇಲ್ಲಾ ದೀಪಾವಳಿ. ಆದರೆ ಲಂಕೆಗೆ ಒಂದಲ್ಲ, ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು; ಕೊಲಂಬೊ, ಗಾಲೆ, ಸಿಂಹರಾಜ ಕಾಡು ಇರುವ ಕಡೆ ಮಳೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತ. ಆಗ ಪೂರ್ವ, ಉತ್ತರಕ್ಕೆ ಮಳೆ. ನಡುವಿನ ಅಕ್ಟೋಬರ್, ನವೆಂಬರ್‌ನಲ್ಲಿ ಗುಡುಗು ಮಳೆ, ಮೇಲಿಂದ ಚಂಡಮಾರುತದ ಭಯ. ಅಂದರೆ ನಮ್ಮ ಎರಡೂ ರಜೆಗಳು ಸರಿಯಾಗಿ ತಪ್ಪು ಹೊತ್ತಿಗೇ ಬೀಳುತ್ತವೆ!

ಇದು ಕೊಡೆ ಒಯ್ದರೆ ಮುಗಿಯುವ ಸಂಗತಿ ಅಲ್ಲ. 2017ರ ಮೇ ಕೊನೆಯಲ್ಲಿ ರತ್ನಪುರ, ಕಳುತರ ಕಡೆ ನೆರೆ ಬಂದು, ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಂದಾಗ ನೂರಾರು ಜನ ಪ್ರಾಣ ಕಳೆದುಕೊಂಡರು. ಕ್ಯಾಂಡಿ, ನುವರ ಎಲಿಯ, ಬದುಳ್ಳದ ಬೆಟ್ಟಗಳು ಜಾರಿದವು, ರೈಲು ಹಳಿಗಳೂ ಹಾಳಾದವು. ಚಹಾ ತೋಟದ ನಡುವಿನ ಆ ಹೆಸರುವಾಸಿ ರೈಲು ಹತ್ತಬೇಕು ಅನ್ನುವವರು ಟಿಕೆಟ್‌ಗೆ ಮೊದಲು ಪೂರ್ತಿ ಮಾರ್ಗ ಓಡುತ್ತಿದೆಯೋ ಅಂತ ಕೇಳಿಕೊಳ್ಳಿ.

ನಮ್ಮ ಏಜೆಂಟ್ ಮೇ ತಿಂಗಳಲ್ಲಿ ಮಿರಿಸ್ಸದಲ್ಲಿ ನೀಲಿ ತಿಮಿಂಗಿಲ ತೋರಿಸುತ್ತೇನೆ ಅಂದಿದ್ದ. ಅಲ್ಲಿ ತಿಮಿಂಗಿಲ ನೋಡುವ ಕಾಲ ನವೆಂಬರ್‌ನಿಂದ ಏಪ್ರಿಲ್. ಮೇ ತಿಂಗಳಿಗೆ ಕಡಲು ಏಳುತ್ತದೆ. ಕಾರವಾರ, ಕುಮಟೆ ಕಡೆಯ ಯಾವ ಮೀನುಗಾರನನ್ನು ಕೇಳಿದರೂ ಹೇಳುವ ಮಾತು ಇದು. ಮಗಳಿಗೆ ನಾನು ಹೇಳಿದ್ದಿಷ್ಟೇ: ಜನವರಿ 26ರ ರಜೆಗೆ ಹೊಂದಿಸಿಕೊಂಡು ಹೋಗೋಣ, ಮಾಣಿಗೆ ಐದಾರು ದಿನ ಶಾಲೆ ತಪ್ಪಲಿ. ಅವಳು ಮುಖ ಊದಿಸಿಕೊಂಡಳು. “ಅಪ್ಪಾ, ನನ್ನನ್ನು ಒಂದು ದಿನ ಜ್ವರ ಬಂದ್ರೂ ಶಾಲೆಗೆ ಕಳಿಸ್ತಿದ್ದೆ ನೀನು” ಅಂದಳು. ಹೌದು, ಕಳಿಸುತ್ತಿದ್ದೆ. ಅದು ಸರಿಯಿತ್ತು ಅಂತ ನಾನೆಲ್ಲಿ ಹೇಳಿದೆ?

ಎರಡನೆಯದು ಪಟ್ಟಿ. ಲಂಕೆ ಚಿಕ್ಕ ದೇಶ, ಕರ್ನಾಟಕದ ಮೂರನೇ ಒಂದು ಪಾಲು. ನಕ್ಷೆಯಲ್ಲಿ ಎಲ್ಲವೂ ಪಕ್ಕಪಕ್ಕ. ಆದರೆ ಬೆಟ್ಟದ ರಸ್ತೆ ಬೆಟ್ಟದ ರಸ್ತೆಯೇ. ಕೊಲಂಬೊದಿಂದ ‘ಎಲ್ಲ’ಕ್ಕೆ ಇನ್ನೂರು ಕಿಲೋಮೀಟರ್ ಚಿಲ್ಲರೆ, ಐದಾರು ತಾಸು ಬೇಕು. ಆ ಪಟ್ಟಿಯ ಪ್ರಕಾರ ಹೋದರೆ ನಮ್ಮ ಅರ್ಧ ಹಗಲು ವ್ಯಾನಿನೊಳಗೆ. ಕಾಡು ಕಾಣುವುದು ಕಿಟಕಿಯಿಂದ. ಅದಕ್ಕೆ ನಮ್ಮ ಕಸಾರಾ ಲೋಕಲ್ ಸಾಲದೇ?

ಕಾಡಿನಲ್ಲಿ ಏನೂ ನಾವು ಹೋದ ತಕ್ಷಣ ಎದುರು ಬಂದು ನಿಲ್ಲುವುದಿಲ್ಲ. ಸಿಂಹರಾಜದ ವಿಶೇಷವೇ ನೋಡಿ. ಹತ್ತಾರು ಜಾತಿಯ ಹಕ್ಕಿಗಳು ಒಂದೇ ಗುಂಪಾಗಿ, ಮರದಿಂದ ಮರಕ್ಕೆ ಹುಳ ಹುಡುಕುತ್ತಾ ಸಾಗುತ್ತವಂತೆ. ಆ ಮೆರವಣಿಗೆ ನಿಮ್ಮ ದಾರಿಗೆ ಬರಬಹುದು, ಬರದೇನೂ ಇರಬಹುದು. ಒಂದು ತಾಸು ಹೋದವನಿಗೆ ಬರೀ ಜಿಗಣೆ ಸಿಕ್ಕೀತು. (ನಮ್ಮ ಕಡೆ ಉಂಬಳ ಅಂತೀವಿ. ಮಲೆನಾಡಿನವರಿಗೆ ಹೊಸತಲ್ಲ, ಪುಣೆಯ ಮಗಳಿಗೆ ಹೊಸತು.) ಮೂರು ದಿನ ಬೆಳಿಗ್ಗೆ ಹೋದವನಿಗೆ ಅದು ಕಾಣುವ ಸಂಭವ ಹೆಚ್ಚು. ಅಲ್ಲಿ ಅರಣ್ಯ ಇಲಾಖೆಯ ಮಾರ್ಗದರ್ಶಿ ಜೊತೆಗಿರಲೇಬೇಕು ಅಂತ ನಿಯಮವಿದೆ, ಅದೂ ಒಳ್ಳೆಯದೇ. ಆ ಕಾಡಿನ ಸದ್ದು ಗೊತ್ತಿರುವವನು ಅವನು.

ಮೂರನೆಯದು ಆನೆ. ಪಟ್ಟಿಯಲ್ಲಿ ‘ಆನೆ ಸವಾರಿ, ಆನೆ ಸ್ನಾನ’ ಅಂತ ದಪ್ಪ ಅಕ್ಷರದಲ್ಲಿತ್ತು. ಮೊಮ್ಮಗನಿಗೆ ಅದೇ ಬೇಕಿತ್ತು. ಅವನನ್ನು ಒಪ್ಪಿಸುವುದು ಕಷ್ಟವಾಯಿತು. ಲಂಕೆಯ 2011ರ ಗಣತಿಯಲ್ಲಿ 5,879 ಕಾಡಾನೆ ಇದ್ದವು. ನಮ್ಮ ಕರ್ನಾಟಕದ 2023ರ ಲೆಕ್ಕ 6,395. ಇಷ್ಟು ಆನೆ ಕಾಡಲ್ಲೇ ಇರುವಾಗ ಸರಪಳಿ ಹಾಕಿದ್ದರ ಬೆನ್ನು ಯಾಕೆ ಹತ್ತಬೇಕು? ಉಡವಳವೆಯಲ್ಲಿ 1995ರಿಂದ ವನ್ಯಜೀವಿ ಇಲಾಖೆಯ ಒಂದು ಆಶ್ರಯಧಾಮವಿದೆ. ತಾಯಿ ಕಳೆದುಕೊಂಡ ಮರಿಗಳಿಗೆ ಹಾಲು ಕುಡಿಸಿ, ಬೆಳೆಸಿ, ಮತ್ತೆ ಕಾಡಿಗೇ ಬಿಡುತ್ತಾರೆ. ನಾವು ದೂರದಲ್ಲಿ ನಿಂತು ನೋಡಬೇಕು, ಮುಟ್ಟುವ ಹಾಗಿಲ್ಲ. “ಮುಟ್ಟಿದ್ರೆ ಏನಾಗ್ತದೆ ಅಜ್ಜ?” ಅಂದ. “ಮನುಷ್ಯರ ರೂಢಿಯಾದ್ರೆ ಅದಕ್ಕೆ ಕಾಡಲ್ಲಿ ಬದುಕೋದು ಕಷ್ಟ” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ “ಹಾಗಾದ್ರೆ ಅದೇ ನೋಡುವ” ಅಂದ. ದೊಡ್ಡವರಿಗಿಂತ ಬೇಗ ಅರ್ಥವಾಯಿತು.

ಹೀಗಾಗಿ ನಮ್ಮ ಪಟ್ಟಿ ಈಗ ನಾಲ್ಕು ಊರಿಗೆ ಬಂದು ನಿಂತಿದೆ. ವಿಮಾನ ನಿಲ್ದಾಣದ ಹತ್ತಿರದ ನೆಗೊಂಬೊದಲ್ಲಿ ಒಂದು ರಾತ್ರಿ. ಸಿಂಹರಾಜದ ಕುಡಾವ ಬದಿಯಲ್ಲಿ ಮೂರು. ಉಡವಳವೆಯಲ್ಲಿ ಎರಡು. ನುವರ ಎಲಿಯದಲ್ಲಿ ಎರಡು, ಯಾಕಂದ್ರೆ ಪಕ್ಕದ ಸೀತಾ ಎಲಿಯದಲ್ಲಿ ಸೀತಮ್ಮನ ಗುಡಿ ಇದೆ, ನನ್ನಾಕೆ ಅದನ್ನು ಬಿಡುವವಳಲ್ಲ. ಒಂದು ರಾತ್ರಿ ಹೆಚ್ಚಾಯಿತು, ಐದು ಊರು ಕಮ್ಮಿಯಾಯಿತು. ವೀಸಾ ನಿಯಮ ಈಚೆಗೆ ಹಲವು ಸಲ ಬದಲಾಗಿದೆ. ಅದನ್ನು ಏಜೆಂಟಿನ ಬಾಯಲ್ಲಿ ಕೇಳಬೇಡಿ, ಅಲ್ಲಿನ ಸರ್ಕಾರದ ತಾಣದಲ್ಲೇ ನೋಡಿ. ಮಲೇರಿಯಾ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಡೆಂಗಿ ಇದೆ, ಸೊಳ್ಳೆಯ ಮುಲಾಮು ಇರಲಿ. ಹುಣ್ಣಿಮೆ ದಿನ ಅಲ್ಲಿ ಸಾರ್ವಜನಿಕ ರಜೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇಷ್ಟೆಲ್ಲಾ ಆದ ಮೇಲೆ ಭಾವ ಒಂದು ಮಾತು ಅಂದ. “ಭಾವ, ಅಷ್ಟು ದುಡ್ಡು ಸುರಿದು ಹೋಗಿ ಒಂದು ಕಾಡಲ್ಲಿ ಮೂರು ದಿನ ಕೂರೋದಾದ್ರೆ ಶಿರಸಿಗೇ ಹೋಗಬಹುದಲ್ಲ? ಕಾಡಿಗೆ ಏನು ಕಮ್ಮಿ ಅಲ್ಲಿ?”

ತಮಾಷೆಗೆ ಅಂದಿದ್ದು. ಆದರೆ ನನಗೆ ತಟ್ಟಿತು. ಯಾಕಂದ್ರೆ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾರ್ಮನ್ ಮಯರ್ಸ್ ಮತ್ತು ಸಂಗಡಿಗರು 2000ದಲ್ಲಿ ಜಗತ್ತಿನ 25 ಅತ್ಯಮೂಲ್ಯ ಜೀವವೈವಿಧ್ಯದ ತಾಣಗಳನ್ನು ಗುರುತಿಸಿದಾಗ ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾವನ್ನು ಸೇರಿಸಿ ಒಂದೇ ತಾಣ ಅಂತ ಎಣಿಸಿದ್ದರು. ಹಿಮಯುಗದಲ್ಲಿ ಕಡಲು ತಗ್ಗಿದ್ದಾಗ ನಡುವೆ ನೆಲವೇ ಇತ್ತು. ಅಲ್ಲಿಯ ಕಿತುಲ್ ಅಂದರೆ ನಮ್ಮ ಬೈನೆ ಮರ. ಅದರ ಪಾಕವನ್ನು ಎಮ್ಮೆ ಮೊಸರಿಗೆ ಸುರಿದುಕೊಂಡು ತಿನ್ನುತ್ತಾರೆ. ಮೀನಿನ ಪದಾರ್ಥಕ್ಕೆ ಹಾಕುವ ಗೊರಕ ನಮ್ಮ ಉಪ್ಪಾಗೆಯ ಬಳಗ.

ಇನ್ನೊಂದು ಸಂಗತಿ. 1970ರ ದಶಕದಲ್ಲಿ ಸಿಂಹರಾಜದ ಮರಗಳನ್ನು ಪ್ಲೈವುಡ್‌ಗೆಂದು ಕಡಿದರು. ಜನ ವಿರೋಧಿಸಿದ ಮೇಲೆ ನಿಂತಿತು. 1988ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ತಾಣವಾಯಿತು. ನಮ್ಮ ಶಿರಸಿ ಸೀಮೆಯಲ್ಲೂ ಪ್ಲೈವುಡ್‌ಗೆ ಮರ ಹೋಗುತ್ತಿತ್ತು. 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ. ನಾನು ಅದೇ ವರ್ಷ ಜೂನ್‌ನಲ್ಲಿ ಟ್ರಂಕು ಹೊತ್ತು ಬೊಂಬಾಯಿಗೆ ಬಂದಿದ್ದೆ. ನಮ್ಮೂರ ಪಕ್ಕದ ಸುದ್ದಿಯನ್ನು ಮಾಟುಂಗದ ಖೋಲಿಯಲ್ಲಿ ಕೂತು ಪೇಪರಿನಲ್ಲಿ ಓದಿದೆ.

ಆಮೇಲೆ ನಲವತ್ತಕ್ಕೂ ಹೆಚ್ಚು ವರ್ಷ ಊರಿಗೆ ಹೋಗಿದ್ದೇನೆ, ಪ್ರತಿ ಮೇ ತಿಂಗಳೂ. ಎರಡು ಮದುವೆ, ಒಂದು ಉಪನಯನ, ಒಂದು ವೈದಿಕ, ಬ್ಯಾಂಕಿನ ಕೆಲಸ, ವಾಪಸ್ ಬಸ್ಸು. ಅದೂ ಒಂದು ಪಟ್ಟಿಯೇ! ಮನೆಯ ಹಿಂದಿನ ಸೊಪ್ಪಿನ ಬೆಟ್ಟಕ್ಕೆ ಅಪ್ಪನ ಸಂಗಡ ಹೋಗಿದ್ದೇ ಕೊನೆ. ಅಪ್ಪ ತೀರಿಕೊಂಡು ಇಪ್ಪತ್ತು ವರ್ಷ ದಾಟಿತು. ಅವರಿಗೆ ಗೊತ್ತಿದ್ದ ಮರಗಳಲ್ಲಿ ನನಗೆ ಹತ್ತು ಗೊತ್ತಿರಬಹುದು. ಮಗಳಿಗೆ ಎರಡು. ಮಾಣಿಗೆ ತೆಂಗಿನಮರ ಒಂದೇ.

ಹಾಗಂತ ಲಂಕೆ ಬೇಡವೆಂದು ನಾನು ಹೇಳುವುದಿಲ್ಲ. ಬೇರೆ ದೇಶದ ಕಾಡು ನೋಡುವ ಆಸೆ ತಪ್ಪಲ್ಲ. ಆದರೆ ಊರಿನ ಕಾಡನ್ನು ಮದುವೆಗಳ ನಡುವೆ ಕಳೆದುಕೊಂಡವನು ಇನ್ನೊಂದು ಕಾಡನ್ನು ಶಾಪಿಂಗ್ ನಡುವೆ ಕಳೆದುಕೊಳ್ಳಬಾರದು. ಅಷ್ಟೇ ನನ್ನ ವಾದ. ಜೊತೆಗೆ ಒಂದು ಸಲಹೆ: ಮೊದಲ ಕಾಡಿನ ಪ್ರವಾಸಕ್ಕೆ ಮುಂಚೆ ಒಂದು ಪೂರ್ವಾಭ್ಯಾಸ ಇರಲಿ. ಮಂಡಿ ಎಷ್ಟು ದೂರ ತಡೆಯುತ್ತದೆ, ಹೊಸ ಬೂಟು ಎಲ್ಲಿ ಕಚ್ಚುತ್ತದೆ, ಮಗು ಮೊಬೈಲಿಲ್ಲದೆ ಎಷ್ಟು ಹೊತ್ತು ಇರುತ್ತದೆ, ಇವೆಲ್ಲ ಮನೆ ಹತ್ತಿರ ಗೊತ್ತಾದರೆ ಒಳ್ಳೆಯದು.

ಭಾವ ಹೊರಟ ಮೇಲೆ ಊರಿಗೆ ಫೋನು ಮಾಡಿದೆ. “ಅಣ್ಣ, ನವೆಂಬರ್‌ನಲ್ಲಿ ನಾಲ್ಕು ದಿನ ಬರ್ತೇವೆ.”

“ನವೆಂಬರ್‌ನಲ್ಲಾ? ಯಾರ ಮದುವೆಯೋ?”

“ಯಾರದ್ದೂ ಅಲ್ಲ. ಮಾಣಿಗೆ ಬೆಟ್ಟ ತೋರಿಸ್ಬೇಕು.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಲೈನು ಕಟ್ಟಾಯಿತೇನೋ ಅಂದುಕೊಂಡೆ.

“ದಾರಿ ಎಲ್ಲಾ ಮುಚ್ಚಿಹೋಗಿದೆ ಮಾರಾಯ. ದೀಪಾವಳಿ ಮುಗಿದ ಮೇಲೆ ಒಂದಿನ ಕತ್ತಿ ತಗೊಂಡು ಹೋಗಿ ಸವರಿಸಿ ಇಡ್ತೇನೆ” ಅಂದ ಅಣ್ಣ.